ಬೆನ್ನು ಮುಟ್ಟಿ ನೋಡು

ಕಳೆದ ವರ್ಷ ಪುಣೆಯಿಂದ ಊರಿಗೆ ಹೋಗಿದ್ದಾಗ, ಮಳವಳ್ಳಿ ಕಡೆಯ ಕುರಿ ಪ್ರದರ್ಶನಕ್ಕೆ ತೀರ್ಪುಗಾರರಾಗಿ ಹೊರಟಿದ್ದ ಚಿಕ್ಕಪ್ಪ ನನ್ನನ್ನೂ ಕರೆದೊಯ್ದರು. ಎಲ್ಲವೂ ಬನ್ನೂರು ತಳಿಯ ಮರಿಗಳು: ಗಿಡ್ಡ ಕಾಲು, ಪೀಪಾಯಿಯಂಥ ಮೈ. ನನಗೆ ಹಿಡಿಸಿದ್ದು ಒಬ್ಬ ಹುಡುಗನ ದುಂಡು ಹೊಟ್ಟೆಯ ಮರಿ.

“ಕಣ್ಣಲ್ಲಿ ನೋಡ್ಬೇಡ ಮಗಾ, ಬೆನ್ನು ಮುಟ್ಟು” ಅಂದರು.

ಕೊನೆಯ ಪಕ್ಕೆಲುಬಿನ ಹಿಂದೆ ಬೆರಳೊತ್ತಿದರೆ ಬೆನ್ನುಮೂಳೆಯ ಗಂಟುಗಳು ಒಂದೊಂದಾಗಿ ಸಿಕ್ಕವು. ಹೊಟ್ಟೆಯಲ್ಲಿದ್ದದ್ದು ಬೆಳಗ್ಗೆ ಕುಡಿಸಿದ ನೀರು! ಪಕ್ಕದ ಸಾಧಾರಣ ಮರಿಯ ಬೆನ್ನಿನಲ್ಲಿ ಮಾಂಸ ಗಟ್ಟಿಯಾಗಿ ತುಂಬಿತ್ತು. ಬಹುಮಾನ ಅದಕ್ಕೇ ಹೋಯಿತು.

ಹುಡುಗನ ಮುಖ ನೋಡಲಾಗಲಿಲ್ಲ. ಆಫೀಸಿನಲ್ಲಿ ಅಪ್ರೈಸಲ್ ಅಂಕ ಹಾಕಿ, ಮೇಲ್ ಕಳಿಸಿ ಕೈತೊಳೆದುಕೊಳ್ಳುವವನು ನಾನು. ಚಿಕ್ಕಪ್ಪ ಅವನ ಕೈ ಹಿಡಿದು ಮೊದಲು ಅವನ ಮರಿಯ ಬೆನ್ನ ಮೇಲಿಟ್ಟರು, ಆಮೇಲೆ ಗೆದ್ದದ್ದರ ಮೇಲೆ. ಅವನು ಕಣ್ಣೊರೆಸಿಕೊಂಡು, ಗೆದ್ದ ಮರಿಯ ಯಜಮಾನನನ್ನು ಕೇಳಿದ: “ಅಣ್ಣಾ, ಇದಕ್ಕೇನು ಮೇವು ಹಾಕ್ತೀರಿ?”