ಯಾರೂ ನೋಡಲು ಬಾರದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಹಿರಿಯರ ಅನುಭವದ ಮಾತು. ಮನೆ ಮಾರಿ ನೋಡು ಎಂದು ಅವರು ಹೇಳಲಿಲ್ಲ. ಹುಟ್ಟಿದ ಮನೆಯನ್ನು ಮಾರುವ ಪ್ರಸಂಗ ಅಂದು ವಿರಳವಾಗಿತ್ತು. ಇಂದು ಹಾನಗಲ್ಲಿನಂಥ ಊರಿನಲ್ಲಿ, ಮಕ್ಕಳು ಹುಬ್ಬಳ್ಳಿ, ಬೆಂಗಳೂರು, ಪುಣೆಗಳಲ್ಲಿ ನೆಲೆಸಿದ ಕಾರಣ ಬೀಗ ಬಿದ್ದ ಹಳೆಯ ಮನೆಗಳು ಅಲ್ಲಲ್ಲಿ ಕಾಣಸಿಗುತ್ತವೆ. ‘ಮನೆ ಮಾರುವುದಿದೆ’ ಎಂಬ ಫಲಕ ಎರಡು ಮಳೆಗಾಲ ಕಂಡು ಮಾಸಿರುತ್ತದೆ. ಕೊಳ್ಳುವವರಿರಲಿ, ನೋಡಲು ಬರುವವರೂ ಇಲ್ಲ. ಯಜಮಾನನು ಇದಕ್ಕೆ ಕಾರಣವನ್ನು ಗ್ರಹಗತಿಯಲ್ಲಿ, ಬಾಗಿಲಿನ ದಿಕ್ಕಿನಲ್ಲಿ ಹುಡುಕುತ್ತಾನೆ. ಬಹುಮಟ್ಟಿಗೆ ಅದು ಅವನ ಲೆಕ್ಕದಲ್ಲಿ ಮತ್ತು ನಡತೆಯಲ್ಲಿ ಇರುತ್ತದೆ.

ಮೊದಲನೆಯದು ಬೆಲೆ. ತಂದೆ ಕುಳಿತುಕೊಳ್ಳುತ್ತಿದ್ದ ಪಡಸಾಲೆ, ಅಕ್ಕತಂಗಿಯರ ಮದುವೆಯ ಚಪ್ಪರ ನಿಂತ ಅಂಗಳ, ಇವೆಲ್ಲವನ್ನೂ ಮಗನು ಬೆಲೆಯಲ್ಲಿ ಸೇರಿಸುತ್ತಾನೆ. ಅದರ ಮೇಲೆ ಹುಬ್ಬಳ್ಳಿಯ ನಿವೇಶನದ ದರವನ್ನು ಕೇಳಿ ಬಂದಿರುತ್ತಾನೆ. ನೆನಪುಗಳನ್ನು ಯಾವ ವ್ಯಾಪಾರಿಯೂ ಕಿರ್ದಿಯಲ್ಲಿ ಜಮಾ ಮಾಡಿಕೊಳ್ಳುವುದಿಲ್ಲ. 20 ಲಕ್ಷ ರೂಪಾಯಿಗೆ ಹೋಗಬಹುದಾದ ಮನೆಗೆ 23 ಲಕ್ಷ ಹೇಳಿ ಎರಡು ವರ್ಷ ಕಾದರೆ, ಶೇಕಡಾ 7ರ ಸಾದಾ ಬಡ್ಡಿಯ ಲೆಕ್ಕದಲ್ಲಿಯೇ 2 ಲಕ್ಷ 80 ಸಾವಿರ ಕೈಬಿಟ್ಟು ಹೋಗುತ್ತದೆ. ಪುರಸಭೆಯ ಕರ, ಹಂಚು ತಿರುವಿಹಾಕಿಸಿದ ಕೂಲಿ ಬೇರೆ. ಬಯಸಿದ ಮೂರು ಲಕ್ಷ ಕಾಯುವಿಕೆಯಲ್ಲಿಯೇ ಕರಗುತ್ತದೆ.

ಎರಡನೆಯದು ಕಾಲ ಮತ್ತು ಸ್ಥಿತಿ. ರೈತನ ಕೈಗೆ ಹಣ ಬರುವುದು ಸುಗ್ಗಿಯ ನಂತರ. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಪುಷ್ಯದಲ್ಲಿ ಮನೆಯ ಮಾತೆತ್ತುವವರು ಕಡಿಮೆ. ಆ ತಿಂಗಳುಗಳ ಮೌನಕ್ಕೆ ವ್ಯಥೆಪಡಬೇಕಾಗಿಲ್ಲ. ಆದರೆ ಹಾನಗಲ್ ಅರೆಮಲೆನಾಡಿನ ಸೀಮೆ. ಮುಚ್ಚಿದ ಮನೆಯಲ್ಲಿ ಒಂದು ಹಂಚು ಸರಿದರೂ ನೀರಿಳಿದು, ತೊಲೆಗೆ ಗೆದ್ದಲು ಹತ್ತುತ್ತದೆ. ನೋಡಲು ಬಂದವನಿಗೆ ಕೀಲಿ ಹುಬ್ಬಳ್ಳಿಯಲ್ಲಿದೆ ಎಂಬ ಉತ್ತರ ಸಿಕ್ಕರೆ, ಅವನು ಮತ್ತೊಮ್ಮೆ ಬರುವುದಿಲ್ಲ.

ಮೂರನೆಯದು ಈ ಊರಿಗೆ ವಿಶೇಷವಾದುದು. ತಾರಕೇಶ್ವರ ದೇವಾಲಯ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರ ತಿದ್ದುಪಡಿ ಕಾಯ್ದೆಯ ಪ್ರಕಾರ ಇಂಥ ಸ್ಮಾರಕದ ಸಂರಕ್ಷಿತ ಎಲ್ಲೆಯಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ಹಳೆಯ ಮನೆಯನ್ನು ಕೆಡವಿ ಕಟ್ಟುವ ಉದ್ದೇಶದಿಂದಲೇ ಕೊಳ್ಳುವವನು ಈ ವಿಷಯ ತಿಳಿದೊಡನೆ ಹಿಂಜರಿಯುತ್ತಾನೆ. ಇದು ಯಜಮಾನನ ತಪ್ಪಲ್ಲ. ಆದರೆ ಇದನ್ನು ಮರೆಮಾಚಿ ಸಂಚಕಾರ ಪಡೆದರೆ ಅದು ಅವನ ತಪ್ಪೇ.

ಈ ಮಾತನ್ನು ಕಾನೂನೂ ಹೇಳುತ್ತದೆ. ಕೊಳ್ಳುವವನೇ ಎಚ್ಚರದಿಂದಿರಲಿ ಎಂಬುದು ಇಂಗ್ಲಿಷರ ನ್ಯಾಯಪದ್ಧತಿಯ ಹಳೆಯ ಸೂತ್ರ. ಭಾರತದ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೆಯ ಕಲಮು ಮಾರುವವನ ಮೇಲೂ ಹೊಣೆ ಹೊರಿಸಿತು. ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವನಿಗೆ ಕಾಣದ, ತನಗೆ ಗೊತ್ತಿರುವ ಮುಖ್ಯ ದೋಷವನ್ನು ಅವನು ತಿಳಿಸಲೇಬೇಕು. ತಿಳಿಸದಿದ್ದರೆ ಅದು ವಂಚನೆ. ಅಂಗಳದ ಫರಸಿಯ ಕೆಳಗೆ ಮುಚ್ಚಿಹೋದ ಹಳೆಯ ಹಗೇವು ಇದ್ದರೆ, ಅದನ್ನು ಬಲ್ಲವನು ಮನೆಯವನೊಬ್ಬನೇ.

ಕಟ್ಟಡದ ದೋಷಕ್ಕಿಂತ ಹಕ್ಕಿನ ದೋಷ ದೊಡ್ಡದು. ಅನೇಕ ಮನೆಗಳ ಉತಾರದಲ್ಲಿ ಇಂದಿಗೂ ಅಜ್ಜನ ಹೆಸರೇ ಇರುತ್ತದೆ. ವಂಶಾವಳಿ ಬರೆಯಿಸಿದರೆ ಅದರಲ್ಲಿ ಹೆಣ್ಣುಮಕ್ಕಳೂ ಬರಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ತಂದೆ ಅದಕ್ಕೂ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು 2020ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ವಿಧಿಬದ್ಧವಾಗಿ ವಾಟ್ನಿಯಾಗಿದ್ದರೆ ಮಾತು ಬೇರೆ. ಈ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ.

ಆದರೂ ನಡೆಯುವುದೇನು? ಪಂಚಮಿಗೆ ತಂಗಿಯನ್ನು ತವರಿಗೆ ಕರೆಸುತ್ತಾರೆ. ಉಡಿ ತುಂಬಿ, ಸೀರೆ ಕೊಟ್ಟು, ಊಟವಾದ ಮೇಲೆ ಹಕ್ಕು ಬಿಡುಗಡೆ ಪತ್ರವನ್ನು ಮುಂದಿಡುತ್ತಾರೆ. ಅದರಲ್ಲಿ ಏನಿದೆ ಎಂದು ಓದಿ ಹೇಳುವವರಿಲ್ಲ. ತವರು ಮುಚ್ಚೀತೆಂಬ ಭಯದಿಂದ ಅವಳು ಸಹಿ ಮಾಡುತ್ತಾಳೆ, ಇಲ್ಲವೆ ಮೌನವಾಗಿ ಎದ್ದು ಹೋಗುತ್ತಾಳೆ. ಸಣ್ಣ ಊರಿನಲ್ಲಿ ಮನೆಯ ಮಾತು ಮನೆಯಲ್ಲಿ ಉಳಿಯುವುದಿಲ್ಲ. ಅವಳ ಕಣ್ಣೀರು ದಲ್ಲಾಳಿಯ ಕಿವಿಗೆ ಮುಟ್ಟಿರುತ್ತದೆ. ನಾಳೆ ತಕರಾರು ಬರಬಹುದಾದ ಮನೆಗೆ ಅವನು ತನ್ನ ಗಿರಾಕಿಯನ್ನು ಕರೆತರುವುದಿಲ್ಲ. ಕಾರಣವನ್ನು ಯಜಮಾನನ ಮುಖಕ್ಕೆ ಹೇಳುವುದೂ ಇಲ್ಲ. ಯಜಮಾನನು ವಾಸ್ತುಶಾಸ್ತ್ರಜ್ಞನನ್ನು ಕರೆಸಿ ಬಾಗಿಲನ್ನು ಬದಲಿಸುತ್ತಾನೆ.

ವಾಸ್ತು ಎಂಬ ಶಬ್ದ ಶ್ರಾವಕರಿಗೆ ಹೊಸದಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಮೊದಲು ಬರುವ ಜೋಡಿಯೇ ಕ್ಷೇತ್ರ ಮತ್ತು ವಾಸ್ತು, ಅಂದರೆ ಹೊಲ ಮತ್ತು ಮನೆ. ಅಲ್ಲಿ ವಾಸ್ತುವಿನ ದೋಷವೆಂದರೆ ದಿಕ್ಕಿನ ದೋಷವಲ್ಲ, ತಾನೇ ಹಾಕಿಕೊಂಡ ಮಿತಿಯನ್ನು ಮೀರುವುದು. ತಂಗಿಯ ಪಾಲನ್ನು ತನ್ನದೆಂದು ಎಣಿಸಿಕೊಂಡವನು ಅದಕ್ಕೂ ಮುಂದೆ ಹೋಗಿ, ಕೊಡದುದನ್ನು ತೆಗೆದುಕೊಂಡಿರುತ್ತಾನೆ. ಅದು ಪರಿಗ್ರಹವಷ್ಟೇ ಅಲ್ಲ, ಅಚೌರ್ಯವ್ರತಕ್ಕೂ ಭಂಗ.

ಆದ್ದರಿಂದ ಮನೆ ಮಾರುವವನು ಫಲಕ ತೂಗುಹಾಕುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು. ಮೊದಲು ಅಕ್ಕತಂಗಿಯರೊಡನೆ ಕುಳಿತು, ಬರುವ ಹಣದಲ್ಲಿ ಅವರ ಪಾಲೆಷ್ಟೆಂಬುದನ್ನು ಬಾಯಿಬಿಟ್ಟು ಹೇಳಬೇಕು. ಅವರು ಬೇಡವೆಂದರೆ ಅದು ಅವರ ಔದಾರ್ಯ. ಕೇಳದೆ ಇರುವುದು ಇವನ ಜಾಣತನವಾಗಬಾರದು. ಅನಂತರ ವಾರಸಾ ಮಾಡಿಸಿ, ಇ-ಖಾತೆ ಪಡೆದು, ಹಂಚು ಸರಿಪಡಿಸಿ, ಕೀಲಿಯನ್ನು ನೆರೆಮನೆಯಲ್ಲಿ ಇಡಬೇಕು. ಊರಿನ ದರವನ್ನು ಊರಿನವರನ್ನೇ ಕೇಳಬೇಕು. ನೋಡಲು ಬಂದವನಿಗೆ ಸೋರುವ ಮೂಲೆಯನ್ನು ತಾನೇ ತೋರಿಸಬೇಕು.

ಇಷ್ಟಾದ ಮೇಲೂ ಗಿರಾಕಿ ತಡವಾಗಿ ಬರಬಹುದು. ಬೆಲೆ ಒಂದಿಷ್ಟು ಇಳಿಯಲೂಬಹುದು. ಆದರೆ ಖರೀದಿಪತ್ರಕ್ಕೆ ಸಹಿ ಬೀಳುವ ದಿನ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಅಣ್ಣತಂಗಿ ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ಮನೆ ಹೋದರೂ ತವರು ಉಳಿಯುತ್ತದೆ.