ರಿಕಾಪು ಹಿಡಿದವರು

ತುಮಕೂರಿನಲ್ಲಿ ಕುಣಿಗಲ್ ಬಸ್ಸು ಹತ್ತಿ ಕೂತ ಮೇಲೂ ಇಳಿದುಬಿಡಲೇ ಅನ್ನಿಸುತ್ತಿತ್ತು. ಗೂಳೂರು ದಾಟಿತು, ಹೆಬ್ಬೂರು ಬಂತು. ಹನ್ನೊಂದು ವರ್ಷದ ಹಿಂದೆ ಆಡಬೇಕಿದ್ದ ಮಾತನ್ನು ಈಗ ಹೋಗಿ ಆಡುವುದು ಹೇಗೆ ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ನಾನು ನೋಡಲು ಹೊರಟಿದ್ದು ನಮ್ಮ ಹಜ್ರತರನ್ನು.

ಗುಬ್ಬಿಯಲ್ಲಿ ನಮ್ಮ ಮೊಹಲ್ಲಾದ ಮಸೀದಿಗೆ ಅಂಟಿಕೊಂಡಂತೆ ಶೀಟು ಹೊದಿಸಿದ ಒಂದು ಕೋಣೆ ಇತ್ತು. ಫಜರ್ ನಮಾಜಿನ ನಂತರ ಒಂದು ಗಂಟೆ, ಸಂಜೆ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಅಲ್ಲಿ ನಮಗೆ ಪಾಠ. ಅಲಿಫ್, ಬೇ, ತೇ ಎಂದು ಶುರುವಾಗಿ, ಕಾಯ್ದಾ ಮುಗಿಸಿ, ಕುರ್‌ಆನಿನ 30 ಪಾರಾಗಳನ್ನೂ ಓದಿ ಮುಗಿಸಿದರೆ ಆ ಮಗುವಿನ ಮನೆಯವರು ಬೀದಿಗೆಲ್ಲ ಸಿಹಿ ಹಂಚುತ್ತಿದ್ದರು. ವಜೂ ಮಾಡಿಕೊಂಡೇ ರೆಹಲಿನ ಮುಂದೆ ಕೂರಬೇಕು. ಹಜ್ರತ್ ಒಳಗೆ ಬಂದರೆ ಎದ್ದು ಸಲಾಂ ಹೇಳಬೇಕು. ಅವರು ನಡೆಯುವಾಗ ದಾಟಿಕೊಂಡು ಮುಂದೆ ಹೋಗಬಾರದು. ಇದಕ್ಕೆಲ್ಲ ಒಂದೇ ಹೆಸರು, ಅದಬ್. ಅದಬ್ ಇಲ್ಲದವನಿಗೆ ಇಲ್ಮ್ ದಕ್ಕುವುದಿಲ್ಲ ಎನ್ನುವುದು ನಮ್ಮಮ್ಮನ ಮಾತು.

ಹಜ್ರತ್ ಕುಣಿಗಲ್ಲಿನವರು. ಹಾಗಾಗಿ ಅವರ ಕಥೆಗಳಲ್ಲಿ ಕುದುರೆಗಳು ಜಾಸ್ತಿ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದ್ದು. ಹುಡುಗನಾಗಿದ್ದಾಗ ಅದರ ಬೇಲಿಗೆ ಮುಖವಿಟ್ಟು ನಿಲ್ಲುತ್ತಿದ್ದರಂತೆ. ಒಂದು ದಿನ ಕರಿಹಲಗೆಯ ಮೇಲೆ ಕುದುರೆಯ ಚಿತ್ರ ಬರೆದು, ಸವಾರ ಕಾಲಿಡುವ ಜಾಗ ತೋರಿಸಿ, "ಇದೇ ರಿಕಾಪು" ಅಂದರು. ಜೈದ್ ಇಬ್ನ್ ಸಾಬಿತ್ ಪ್ರವಾದಿಯವರ ಲಿಪಿಕಾರರಾಗಿದ್ದವರು, ಮುಂದೆ ಖಲೀಫ ಅಬೂಬಕರರ ಕಾಲದಲ್ಲಿ ಕುರ್‌ಆನನ್ನು ಒಂದೆಡೆ ಸೇರಿಸಿ ಬರೆದವರು. ಅವರು ಸವಾರಿ ಹೊರಟಾಗ ಇಬ್ನ್ ಅಬ್ಬಾಸ್ ಬಂದು ರಿಕಾಪು ಹಿಡಿದು ನಿಂತರಂತೆ. ಇಬ್ನ್ ಅಬ್ಬಾಸ್ ಎಂದರೆ ಪ್ರವಾದಿಯವರ ಚಿಕ್ಕಪ್ಪನ ಮಗ. ನೀವು ಹೀಗೆ ಮಾಡಬಾರದು ಎಂದು ಜೈದ್ ಸಂಕೋಚಪಟ್ಟರೆ, ವಿದ್ವಾಂಸರ ಜೊತೆ ಹೀಗೆಯೇ ನಡೆದುಕೊಳ್ಳಬೇಕೆಂದು ನಮಗೆ ಕಲಿಸಿದ್ದಾರೆ ಎಂದರಂತೆ. ಮಾರನೆಯ ದಿನದಿಂದ ಹಜ್ರತರ ಸೈಕಲ್ ಹಿಡಿದು ನಿಲ್ಲಲು ನಮ್ಮಲ್ಲಿ ಜಗಳವೇ ಶುರುವಾಯಿತು. ಹಜ್ರತ್ ನಗುತ್ತ, "ನಿಮ್ಮ ಕನ್ನಡ ಮೇಷ್ಟ್ರು ದಾರಿಯಲ್ಲಿ ಸಿಕ್ಕಾಗ ಸೈಕಲ್ಲಿಂದ ಇಳಿಯುತ್ತೀರಾ? ಮೊದಲು ಅದು ಕಲಿಯಿರಿ" ಅಂದಿದ್ದರು.

ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ತುಮಕೂರಿಗೆ ದಿನಾ ಓಡಾಡುತ್ತಿದ್ದ, ನಾಲ್ಕಕ್ಷರ ನೆಟ್ಟಗೆ ಬರೆಯುವ ಹುಡುಗ ಎಂದು ಮಸೀದಿ ಕಮಿಟಿಯ ಸಭೆಯ ನಡಾವಳಿ ಬರೆಯಲು ನನ್ನನ್ನು ಕೂರಿಸಿದ್ದರು. ಆವತ್ತು ಹಜ್ರತ್ ತಮ್ಮ ಸಂಬಳದ ಮಾತೆತ್ತಿದರು. ಕುಣಿಗಲ್ಲಿನಲ್ಲಿ ಮಗಳು ಪಿಯುಸಿ ಸೇರಿದ್ದಳು. ಮೂರು ವರ್ಷದಿಂದ ಸಂಬಳ ಏರಿರಲಿಲ್ಲ. ಅವರು ಕೇಳಿದ್ದು ದೊಡ್ಡ ಮೊತ್ತವಲ್ಲ. ಹಿರಿಯರೊಬ್ಬರು, "ದೀನಿನ ಕೆಲಸಕ್ಕೆ ಲೆಕ್ಕ ಇಡಬಾರದು ಹಜ್ರತ್, ಅಲ್ಲಾಹ್ ಕೊಡುತ್ತಾನೆ" ಅಂದರು. ಅದೇ ಸಭೆಯಲ್ಲಿ ಮಸೀದಿಯ ಮುಂಬಾಗಿಲಿಗೆ ಗ್ರಾನೈಟ್ ಹಾಕಿಸುವುದು ತೀರ್ಮಾನವಾಗಿತ್ತು. ನಾನು "ವಿಷಯವನ್ನು ಮುಂದೂಡಲಾಗಿದೆ" ಎಂದು ಬರೆದೆ. ಸಭೆ ಮುಗಿದ ಮೇಲೆ ಎಲ್ಲರೂ ಹಜ್ರತರ ಕೈಯನ್ನು ಎರಡೂ ಕೈಗಳಿಂದ ಹಿಡಿದು ಮುತ್ತಿಟ್ಟು ಹೊರಟರು. ನಾನೂ ಮುತ್ತಿಟ್ಟೆ. ರಂಜಾನ್ ಮುಗಿಯುತ್ತಲೇ ಅವರು ಊರು ಬಿಟ್ಟರು.

ಹಿರಿಯರ ಎದುರು ಬಾಯಿ ಬಿಡದಿರುವುದೇ ಅದಬ್ ಎಂದು ಆಗ ಸಮಾಧಾನ ಮಾಡಿಕೊಂಡೆ. ಆದರೆ ಕುರ್‌ಆನಿನ 80ನೇ ಅಧ್ಯಾಯವನ್ನು ನಮಗೆ ಕಲಿಸಿದವರು ಅದೇ ಹಜ್ರತ್. ಕಲಿಯುವ ಆಸೆಯಿಂದ ಬಂದ ಕುರುಡರೊಬ್ಬರಿಗೆ ಪ್ರವಾದಿಯವರು ಮುಖ ಗಂಟಿಕ್ಕಿದರು. ಆಗ ಅವರು ಮಕ್ಕಾದ ದೊಡ್ಡ ಮನುಷ್ಯರ ಜೊತೆ ಮಾತಿನಲ್ಲಿದ್ದರು. ಅದು ಸರಿಯಲ್ಲವೆಂದು ತಿದ್ದುವುದಕ್ಕೇ ಆ ಅಧ್ಯಾಯ ಇಳಿದು ಬಂತು. ಪ್ರವಾದಿಯವರನ್ನೇ ತಿದ್ದಿದ ಗ್ರಂಥವನ್ನು ಓದಿಯೂ ಕಮಿಟಿಯವರಿಗೆ ಒಂದು ಮಾತು ಹೇಳಲು ನನಗೆ ಬಾಯಿ ಬರಲಿಲ್ಲ.

ಇಮಾಮರದು ಸ್ವಇಚ್ಛೆಯ ಸೇವೆ, ಅದಕ್ಕೆ ಸಂಬಳ ಯಾಕೆ ಎಂಬ ವಾದ 1993ರಲ್ಲೇ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಕೋರ್ಟು ಅದನ್ನು ಒಪ್ಪದೆ, ಇಮಾಮರಿಗೆ ಸಂಭಾವನೆ ಕೊಡಲು ವಕ್ಫ್ ಮಂಡಳಿಗಳಿಗೆ ಹೇಳಿತು. ಇದು ನನಗೆ ಗೊತ್ತಾಗಿದ್ದು ಎಷ್ಟೋ ಕಾಲದ ನಂತರ. 2019ರ ಜನವರಿಯಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ತೀರಿಕೊಂಡಾಗ ನಮ್ಮ ಅಬ್ಬ ಗುಬ್ಬಿಯಿಂದ ಬಂದು ಗಂಟೆಗಟ್ಟಲೆ ಸಾಲಿನಲ್ಲಿ ನಿಂತಿದ್ದರು. ಜಾತಿ ಧರ್ಮ ಕೇಳದೆ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟ ಮಠ ಅದು. ಮನೆಗೆ ಬಂದು ಅಬ್ಬ ಹೇಳಿದ್ದು ಒಂದೇ ಮಾತು: "ನೋಡು, ಅಲ್ಲಿ ಅನ್ನ ಮೊದಲು, ಅಕ್ಷರ ಆಮೇಲೆ." ನನಗೆ ಹಜ್ರತ್ ನೆನಪಾದರು. ನಾವು ಅವರಿಂದ ಅಕ್ಷರ ಪಡೆದೆವು, ಅನ್ನದ ವಿಷಯ ಮುಂದೂಡಿದೆವು.

ಈಗ ನಾನು ಅತಿಥಿ ಉಪನ್ಯಾಸಕ. ಪಾಠವಿರುವ ತಿಂಗಳುಗಳಿಗಷ್ಟೇ ಸಂಬಳ, ಅದೂ ಬಂದಾಗ ಬಂತು. ಸೆಪ್ಟೆಂಬರ್ 5ರಂದು ಹುಡುಗರು ಶಾಲು ಹೊದಿಸಿದರು. ವೇದಿಕೆಯ ಮೇಲೆ ಗಣ್ಯರೊಬ್ಬರು ಗುರುವಿನ ಮಹಿಮೆ ಹೇಳುತ್ತಿದ್ದರು. ನಾನು ಆ ತಿಂಗಳ ಮನೆ ಬಾಡಿಗೆಯ ಲೆಕ್ಕ ಹಾಕುತ್ತಿದ್ದೆ. ಕೈಗೆ ಮುತ್ತಿಡಿಸಿಕೊಂಡ ಆ ಸಂಜೆ ಹಜ್ರತರ ಮನಸ್ಸಿನಲ್ಲಿ ಏನಿತ್ತು ಎಂದು ಅಲ್ಲಿ ತಿಳಿಯಿತು. ಮುಂದಿನ ಭಾನುವಾರವೇ ಬಸ್ಸು ಹತ್ತಿದೆ.

ಕುಣಿಗಲ್ಲಿನಲ್ಲಿ ಅವರದು ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಎಂಟು ಹತ್ತು ಮಕ್ಕಳು ತೂಗಾಡುತ್ತ ಓದುತ್ತಿದ್ದರು. ನನ್ನ ಗುರುತು ಸಿಕ್ಕಿದ್ದೇ ಹಜ್ರತ್ ಎದ್ದರು. ಮಗಳು ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ ಎಂದರು. ಚಹಾ ಬಂತು. ಲೋಟ ಕೆಳಗಿಟ್ಟು, "ಹಜ್ರತ್, ಆವತ್ತಿನ ನಡಾವಳಿ ಬರೆದದ್ದು ನಾನು. ಏನೂ ಮಾತಾಡಲಿಲ್ಲ. ಮಾಫ್ ಮಾಡಿ" ಅಂದೆ.

"ಗೊತ್ತು ಬೇಟಾ. ಸಹಿ ಹಾಕುವಾಗ ನೋಡಿದ್ದೆನಲ್ಲ. ಅಕ್ಷರ ಚೆನ್ನಾಗಿತ್ತು" ಅಂದರು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. "ಈಗ ಆ ಕೋಣೆಯಲ್ಲಿ ಯಾರು ಪಾಠ ಹೇಳುತ್ತಾರೆ?" ಎಂದು ಅವರೇ ಕೇಳಿದರು. ಬಿಹಾರದಿಂದ ಬಂದ ಒಬ್ಬ ಹುಡುಗ ಎಂದೆ. "ಅವನಿಗೆ ಎಷ್ಟು ಕೊಡುತ್ತಾರೆ?" ನನಗೆ ಗೊತ್ತಿರಲಿಲ್ಲ. "ಕೇಳು" ಅಂದರು.

ಬಸ್ ಸ್ಟ್ಯಾಂಡಿನವರೆಗೂ ಬಂದರು. ಬೇಡವೆಂದರೂ ನನ್ನ ಚೀಲ ಇಸಿದುಕೊಂಡರು. ನೀವು ಹಿಡಿಯಬಾರದು ಹಜ್ರತ್ ಎಂದೆ. "ನೀನೂ ಈಗ ಉಸ್ತಾದ್ ಅಲ್ಲವಾ. ಆ ಕಥೆಯ ಉಳಿದರ್ಧ ಮರೆತೆಯಾ?" ಎಂದು ನಕ್ಕರು. ಬಸ್ಸು ಹೆಬ್ಬೂರು ತಲುಪುವ ಹೊತ್ತಿಗೆ ನೆನಪಾಯಿತು. ರಿಕಾಪು ಹಿಡಿದ ಇಬ್ನ್ ಅಬ್ಬಾಸರ ಕೈಗೆ ಜೈದ್ ಬಾಗಿ ಮುತ್ತಿಟ್ಟಿದ್ದರು.

ಈ ಶುಕ್ರವಾರ ಗುಬ್ಬಿಗೆ ಹೋಗಿದ್ದೆ. ಜುಮಾ ಮುಗಿದ ಮೇಲೆ ಕಮಿಟಿಯವರ ಹತ್ತಿರ ಆ ಹುಡುಗನ ಸಂಬಳ ಎಷ್ಟೆಂದು ಕೇಳಿದೆ. ಮುಂದಿನ ಸಭೆಗೆ ಬಾ ಅಂದಿದ್ದಾರೆ. ಹೋಗುತ್ತೇನೆ.