ತಪಾಸಣೆಯ ಮೇಜಿನ ಆಚೆಬದಿ

ಕೊಲ್ಹಾಪುರದ ಉಜಳಾಯಿವಾಡಿಯ ವಿಮಾನ ನಿಲ್ದಾಣ ಛತ್ರಪತಿ ರಾಜಾರಾಮ ಮಹಾರಾಜರ ಕಾಲದಲ್ಲಿ, 1939ರಲ್ಲಿ, ಆರಂಭವಾಯಿತು. 2018ರಲ್ಲಿ ಉಡಾನ್ ಯೋಜನೆಯಿಂದ ಅದಕ್ಕೆ ಹೊಸ ಚೈತನ್ಯ ಬಂತು. 2024ರ ಮಾರ್ಚ್ 10ರಂದು ಅದರ ಹೊಸ ಕಟ್ಟಡದ ಉದ್ಘಾಟನೆಯೂ ಆಯಿತು. ಒಂದು ಕಾಲಕ್ಕೆ ಅರಸರಿಗೂ ಸಿರಿವಂತರಿಗೂ ಮೀಸಲಾಗಿದ್ದ ಪ್ರಯಾಣ ಇಂದು ಇಚಲಕರಂಜಿಯ ಮಗ್ಗದ ಮಾಲೀಕನಿಗೂ, ದೂರದ ಊರಿನಲ್ಲಿರುವ ಮಗನ ಮನೆಗೆ ಹೊರಟ ಗಡಹಿಂಗ್ಲಜದ ಅಜ್ಜಿಗೂ ಎಟುಕುವಂತಾಗಿದೆ. ಕೈಚೀಲದಲ್ಲಿಟ್ಟ ಎಣ್ಣೆ ತುಂಬಿದ ಉಪ್ಪಿನಕಾಯಿಯ ಭರಣಿಯನ್ನು ತಪಾಸಣೆಯ ಮೇಜಿನ ಬಳಿ ಹೊರತೆಗೆಸಿದಾಗ ಆ ಅಜ್ಜಿಗೆ ಸಿಟ್ಟು ಬರುವುದು ಸಹಜ. ನಿಯಮ ಮಾಡಿದವರು ಅವಳ ಕಣ್ಣಿಗೆ ಬೀಳುವುದಿಲ್ಲ. ಎದುರಿಗೆ ನಿಂತ ಸಮವಸ್ತ್ರದವನಷ್ಟೇ ಕಾಣುತ್ತಾನೆ, ಬೈಗುಳವೂ ಅವನ ಪಾಲಿಗೇ ಬರುತ್ತದೆ. ಅವನಿಗೂ ಒಂದು ಅಸಮಾಧಾನವಿದ್ದರೆ ಅದನ್ನು ಅವನು ಹೇಳಿಕೊಳ್ಳುವುದು ಯಾರ ಮುಂದೆ?

ಗಡಿಯ ಕನ್ನಡ ಮನೆಗಳಿಗೆ ಈ ಪ್ರಶ್ನೆ ಈಗ ಹತ್ತಿರದ್ದಾಗಿದೆ. ಕೇಂದ್ರ ಸಶಸ್ತ್ರ ಪಡೆಗಳ ಕಾನ್‌ಸ್ಟೇಬಲ್ ಹುದ್ದೆಯ ಪರೀಕ್ಷೆಯನ್ನು ಮೊದಲು ಹಿಂದಿ ಇಲ್ಲವೆ ಇಂಗ್ಲಿಷಿನಲ್ಲಿ ಮಾತ್ರ ಬರೆಯಬೇಕಾಗಿತ್ತು. 2024ರ ಫೆಬ್ರವರಿ 10ರಿಂದ ಮಾರ್ಚ್ 7ರವರೆಗೆ ನಡೆದ ಪರೀಕ್ಷೆಯಲ್ಲಿ ಮೊದಲ ಬಾರಿಗೆ ಕನ್ನಡ, ಮರಾಠಿಗಳೂ ಸೇರಿದಂತೆ ಇನ್ನೂ 13 ಭಾಷೆಗಳಿಗೆ ಅವಕಾಶ ದೊರೆಯಿತು. ಕನ್ನಡ ಶಾಲೆಯಲ್ಲಿ ಓದಿದ ಹುಡುಗ ಹುಡುಗಿಯರು ತಮ್ಮ ನುಡಿಯಲ್ಲಿಯೇ ಪ್ರಶ್ನೆಗಳನ್ನೋದಿ ಈ ಪಡೆಗಳನ್ನು ಸೇರಬಹುದು. ಶಿರೋಳ ತಾಲ್ಲೂಕಿನ ಸೈನಿಕ ಟಾಕಳಿಯಂತಹ ಊರುಗಳಿರುವ ಈ ಸೀಮೆಯಲ್ಲಿ ಸಮವಸ್ತ್ರಕ್ಕೆ ಮೊದಲಿನಿಂದಲೂ ಗೌರವವುಂಟು. ಹೀಗೆ ಆಯ್ಕೆಯಾದವರಲ್ಲಿ ಕೆಲವರು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯನ್ನು ಸೇರಿ, ಮುಂದೊಂದು ದಿನ ವಿಮಾನ ನಿಲ್ದಾಣದ ಆ ಮೇಜಿನ ಆಚೆಬದಿಯಲ್ಲಿ ನಿಲ್ಲುತ್ತಾರೆ.

1999ರ ಡಿಸೆಂಬರ್ 24ರಂದು ಕಾಠ್ಮಂಡುವಿನಿಂದ ಹೊರಟ ಇಂಡಿಯನ್ ಏರ್‌ಲೈನ್ಸ್ ವಿಮಾನ ಅಪಹರಣಕ್ಕೊಳಗಾಗಿ ಕಂದಹಾರ ಸೇರಿತು. ಆ ಆಘಾತದ ತರುವಾಯ 2000ದ ಫೆಬ್ರವರಿಯಲ್ಲಿ ಜೈಪುರದಿಂದ ಮೊದಲ್ಗೊಂಡು ನಿಲ್ದಾಣಗಳ ಕಾವಲು ಈ ಪಡೆಗೆ ಹಸ್ತಾಂತರವಾಗತೊಡಗಿತು. ಇಂದು ಬೆಂಗಳೂರು, ಮುಂಬೈ, ಗೋವೆಗಳೂ ಸೇರಿ 60ಕ್ಕೂ ಹೆಚ್ಚು ನಿಲ್ದಾಣಗಳಲ್ಲಿ ಅದೇ ಪಡೆ ನಿಂತಿದೆ.

ಆ ಕೆಲಸ ದೂರದಿಂದ ಸುಲಭವಾಗಿ ತೋರುತ್ತದೆ. ಕುರ್ಚಿಯಲ್ಲಿ ಕುಳಿತು ಪರದೆ ನೋಡಿದರಾಯಿತು ಎನ್ನುವವರುಂಟು. ಆದರೆ ಎಕ್ಸ್‌ರೇ ಪರದೆಯ ಮೇಲೆ ಒಂದರ ಹಿಂದೊಂದರಂತೆ ಓಡುವ ಕಿತ್ತಳೆ, ಹಸಿರು, ನೀಲಿ ನೆರಳುಗಳಲ್ಲಿ ಕತ್ತರಿಯಾವುದು, ಬಾಚಣಿಗೆಯಾವುದು ಎಂದು ಕೆಲವೇ ಕ್ಷಣಗಳಲ್ಲಿ ತೀರ್ಮಾನಿಸಬೇಕು. ಕಣ್ಣೂ ಮನಸ್ಸೂ ಇದರಿಂದ ಬೇಗ ದಣಿಯುತ್ತವೆ. ಆದ್ದರಿಂದಲೇ ಯುರೋಪಿನ ನಿಯಮಗಳು ಒಬ್ಬರು ಎಡೆಬಿಡದೆ 20 ನಿಮಿಷಕ್ಕಿಂತ ಹೆಚ್ಚು ಹೊತ್ತು ಪರದೆ ನೋಡಬಾರದೆನ್ನುತ್ತವೆ. ಅನೇಕ ಯಂತ್ರಗಳು ನಡುನಡುವೆ ಇಲ್ಲದ ಪಿಸ್ತೂಲೊಂದರ ಸುಳ್ಳು ಚಿತ್ರವನ್ನು ತೂರಿಸಿ ನೋಡುವವನ ಎಚ್ಚರವನ್ನು ಅಳೆಯುತ್ತವೆ. ಸಾವಿರ ಚೀಲಗಳನ್ನು ಸರಿಯಾಗಿ ನೋಡಿದ ದಿನವನ್ನು ಯಾರೂ ಗುರುತಿಸುವುದಿಲ್ಲ, ಒಂದು ಚೀಲ ತಪ್ಪಿದ ದಿನಕ್ಕೆ ಮಾತ್ರ ವಿಚಾರಣೆ ಉಂಟು.

ದುಡಿಮೆ ಕಠಿಣವೆಂದು ಈ ಸಿಬ್ಬಂದಿ ಬೇಸರಿಸುವುದು ಕಡಿಮೆ. ಕಠಿಣವೆಂದು ತಿಳಿದೇ ಅವರು ಬಂದಿರುತ್ತಾರೆ. ಬೇಸರ ಹುಟ್ಟುವುದು ಅದನ್ನು ನಡೆಸುವ ರೀತಿಯಿಂದ. ಸಾಲು ಉದ್ದವಾದರೆ ಬೇಗ ಬಿಡಿರೆಂಬ ಒತ್ತಡ, ಬೇಗ ಬಿಟ್ಟು ಏನಾದರೂ ತಪ್ಪಿದರೆ ಏಕೆ ಬಿಟ್ಟಿರೆಂಬ ಪ್ರಶ್ನೆ. ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡಬೇಕೆಂಬುದು ಸರಿಯಾದ ನಿಯಮ. ಆದರೆ ಪಡೆಯಲ್ಲಿ ಅವರ ಪ್ರಮಾಣ ಶೇಕಡಾ 10ನ್ನೂ ಮುಟ್ಟಿಲ್ಲವಾಗಿ, ಒಬ್ಬಳು ರಜೆ ಕೇಳಿದರೆ ಉಳಿದವಳ ಹೆಗಲ ಮೇಲೆ ಭಾರ ಬೀಳುತ್ತದೆ. 2022ರಲ್ಲಿ ನಿಲ್ದಾಣಗಳ 3,049 ಹುದ್ದೆಗಳನ್ನು ತೆಗೆದು, ಸಾಲು ನೋಡಿಕೊಳ್ಳುವಂತಹ ಕೆಲಸಗಳಿಗೆ 1,924 ಖಾಸಗಿ ಕಾವಲುಗಾರರನ್ನು ನೇಮಿಸುವ ನಿರ್ಧಾರವಾಯಿತು. ಇದನ್ನು ಸುಧಾರಣೆಯೆಂದೂ ಕರೆಯಬಹುದು, ಉಳಿತಾಯವೆಂದೂ ಕರೆಯಬಹುದು. ಮೇಜಿನ ಬಳಿ ನಿಂತವನ ವಿಶ್ರಾಂತಿ ಹೆಚ್ಚಿತೋ ಕಡಿಮೆಯಾಯಿತೋ ಎಂಬುದೇ ಅದರ ನಿಜವಾದ ಅಳತೆ.

ಇಚಲಕರಂಜಿಯಲ್ಲಿ ಬೆಳೆದ ಮಗುವಿಗೆ ‘ಸಂಪು’ ಎಂಬ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದ ಆ ಊರಿನಲ್ಲಿ, ಕೂಲಿ ಸಾಲದಾದಾಗ ಕಾರ್ಮಿಕರು ಮಗ್ಗ ನಿಲ್ಲಿಸುತ್ತಾರೆ. ಮಗ್ಗದ ಸದ್ದು ನಿಂತರೆ ಊರಿಗೆಲ್ಲ ಅದು ಕೇಳಿಸುತ್ತದೆ, ಆಮೇಲೆ ಮಾತುಕತೆ ನಡೆಯುತ್ತದೆ. ಭದ್ರತಾ ಪಡೆಯವನಿಗೆ ಆ ದಾರಿಯಿಲ್ಲ. 1966ರ ಕಾಯ್ದೆಯ ಪ್ರಕಾರ ಅವನು ಅನುಮತಿಯಿಲ್ಲದೆ ಸಂಘ ಸೇರುವಂತಿಲ್ಲ, ಪತ್ರಿಕೆಯ ಮುಂದೆ ತನ್ನ ದೂರನ್ನಿಡುವಂತಿಲ್ಲ. ಇದೇ ಪಡೆಯ ಸಿಬ್ಬಂದಿ 1979ರಲ್ಲಿ ತಮ್ಮ ಸಂಘಕ್ಕೆ ಮಾನ್ಯತೆ ಮೊದಲಾದವನ್ನು ಕೇಳಿ ಚಳವಳಿ ಹೂಡಿದಾಗ, ಬೊಕಾರೊ ಉಕ್ಕಿನ ನಗರಕ್ಕೆ ಸೇನೆ ಬಂದಿತು. ಅವರ ಆಯುಧಗಳನ್ನು ಕಿತ್ತುಕೊಳ್ಳುವ ಆ ಜೂನ್ ತಿಂಗಳ ಕಾರ್ಯಾಚರಣೆಯಲ್ಲಿ ಹಲವರು ಪ್ರಾಣ ಕಳೆದುಕೊಂಡರು. 1983ರಲ್ಲಿ ಕಾನೂನು ತಿದ್ದುಪಡಿಯಾಗಿ ಅದು ಒಕ್ಕೂಟದ ಸಶಸ್ತ್ರ ಪಡೆಯಾಯಿತು, ಶಿಸ್ತು ಇನ್ನೂ ಬಿಗಿಯಾಯಿತು.

ಅಮೆರಿಕದ ದಾರಿ ಬೇರೆ. 2001ರ ಸೆಪ್ಟೆಂಬರ್ ದಾಳಿಯ ಬಳಿಕ ಅಲ್ಲಿ ಹುಟ್ಟಿದ ಸಾರಿಗೆ ಭದ್ರತಾ ಸಂಸ್ಥೆ, ತಪಾಸಣೆಯವರಿಗೆ ಸಾಮೂಹಿಕ ಚೌಕಾಸಿಯ ಹಕ್ಕನ್ನು ಮೊದಲು ನಿರಾಕರಿಸಿತು. 2011ರಲ್ಲಿ ಮಿತವಾಗಿ ಒಪ್ಪಿತು. 2018ರ ಡಿಸೆಂಬರಿನಿಂದ 35 ದಿನ ಸರ್ಕಾರದ ಖಜಾನೆ ಮುಚ್ಚಿದಾಗ ಅವರು ಸಂಬಳವಿಲ್ಲದೆ ದುಡಿಯಬೇಕಾಯಿತು. ಗೈರುಹಾಜರಿ ಹೆಚ್ಚಿ ಕೆಲವೆಡೆ ತಪಾಸಣೆಯ ದ್ವಾರಗಳನ್ನೇ ಮುಚ್ಚಿದರು. 2023ರಲ್ಲಿ ವೇತನ ಏರಿತು. 2025ರ ಮಾರ್ಚಿನಲ್ಲಿ ಒಕ್ಕೂಟದೊಡನೆ ಇದ್ದ ಒಪ್ಪಂದವನ್ನು ಸರ್ಕಾರವೇ ಕೊನೆಗೊಳಿಸಹೊರಟು, ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಸಂಘವಿದ್ದ ಮಾತ್ರಕ್ಕೆ ನೆಮ್ಮದಿ ಶಾಶ್ವತವಲ್ಲ ಎಂಬುದನ್ನು ಇದು ತೋರಿಸುತ್ತದೆ. ಆದರೂ ಅಲ್ಲಿಯ ನೌಕರನಿಗೆ ತನ್ನ ದೂರನ್ನು ತನ್ನ ಹೆಸರಿನಲ್ಲಿ, ಗಟ್ಟಿಯಾಗಿ ಹೇಳಲು ಒಂದು ವೇದಿಕೆಯಾದರೂ ದೊರೆತಿತ್ತು.

ಇಲ್ಲಿ ಆ ವೇದಿಕೆಯ ಜಾಗದಲ್ಲಿರುವುದು ಸೈನಿಕ ಸಮ್ಮೇಳನವೆಂಬ ಸಭೆ. ಅಧಿಕಾರಿಯ ಮುಂದೆ ಜವಾನರು ಎದ್ದುನಿಂತು ತಮ್ಮ ಕಷ್ಟ ಹೇಳಬಹುದು. ಆದರೆ ರಜೆಯನ್ನೂ ವರ್ಗಾವಣೆಯನ್ನೂ ನಿರ್ಧರಿಸುವವನ ಎದುರಿನಲ್ಲಿಯೇ ಅವನ ವ್ಯವಸ್ಥೆಯ ಕೊರತೆಯನ್ನು ಎತ್ತಿ ಆಡಲು ಎಷ್ಟು ಎದೆಗಾರಿಕೆ ಬೇಕೆಂಬುದನ್ನು ಯಾವ ನೌಕರನಾದರೂ ಬಲ್ಲ. ಸಂಘದ ಹಕ್ಕನ್ನು ಕಾನೂನು ಕಿತ್ತುಕೊಂಡ ಕಡೆ, ಕೇಳಿಸಿಕೊಳ್ಳುವ ಹೊಣೆ ಆಡಳಿತದ ಮೇಲೆ ಇಮ್ಮಡಿಯಾಗಿ ಬೀಳಬೇಕು. ಮುಷ್ಕರ ಮಾಡಲಾರದವನಿಗೆ ಉಳಿದ ರಕ್ಷಣೆ ಅದೊಂದೇ.

ಆಸೆಗೆ ಎಡೆಯಿಲ್ಲವೆಂದಲ್ಲ. ಜವಾನರು ವರ್ಷಕ್ಕೆ 100 ದಿನಗಳನ್ನು ಕುಟುಂಬದೊಡನೆ ಕಳೆಯುವಂತಾಗಬೇಕೆಂಬ ಗುರಿಯನ್ನು ಕೇಂದ್ರ ಗೃಹ ಸಚಿವಾಲಯ 2019ರಲ್ಲಿಯೇ ಮುಂದಿಟ್ಟಿತು. 2024ರ ಕೊನೆಯಲ್ಲಿ ಈ ಪಡೆ ಪ್ರಕಟಿಸಿದ ಹೊಸ ನೀತಿಯಂತೆ, ಕೆಳದರ್ಜೆಯ ಸಿಬ್ಬಂದಿ ತಮಗಿಷ್ಟವಾದ 10 ಸ್ಥಳಗಳನ್ನು ಸೂಚಿಸಬಹುದು. ಮಹಿಳೆಯರಿಗೂ, ದಂಪತಿಗಳಿಬ್ಬರೂ ನೌಕರಿಯಲ್ಲಿರುವವರಿಗೂ, ನಿವೃತ್ತಿಗೆ ಹತ್ತಿರವಾದವರಿಗೂ ವಿಶೇಷ ಗಮನ ದೊರೆಯಬೇಕೆಂದು ಅದರಲ್ಲಿದೆ. ಕೇಂದ್ರದ ಕಾಗದದಲ್ಲಿರುವ ಈ ಅನುಕೂಲ ಪಾಳಿಯ ಪಟ್ಟಿ ಬರೆಯುವ ಕೋಣೆಯವರೆಗೆ ಇಳಿದು ಬಂದಾಗ ಮಾತ್ರ ಅದು ಸುಧಾರಣೆಯಾಗುತ್ತದೆ.

ಮಕ್ಕಳಿಗೆ ಅರ್ಜಿ ತುಂಬಿಸುವ ತಂದೆತಾಯಿಗಳು ಎತ್ತರ, ಓಟ, ವಯಸ್ಸು, ಸಂಬಳ ಇವಿಷ್ಟನ್ನೇ ವಿಚಾರಿಸುವುದು ವಾಡಿಕೆ. ಪಡೆಯಿಂದ ರಜೆಗೆ ಊರಿಗೆ ಬಂದ ನೆರೆಮನೆಯ ಹುಡುಗನನ್ನು ಕೂರಿಸಿಕೊಂಡು ಇನ್ನೂ ಕೆಲವು ಮಾತು ಕೇಳುವುದು ಒಳಿತು: ಪಾಳಿ ಎಷ್ಟು ಗಂಟೆಯದು, ವಾರದ ರಜೆ ಕೈಗೆ ಸಿಗುತ್ತದೆಯೆ, ವಸತಿಗೃಹಕ್ಕೆ ಎಷ್ಟು ಕಾಯಬೇಕು, ಸಮ್ಮೇಳನದಲ್ಲಿ ಮಾತಾಡಿದವನಿಗೆ ಆಮೇಲೆ ಏನಾಯಿತು. ಇವುಗಳಿಗೆ ಉತ್ತರ ತಿಳಿದು ಹೊರಟ ಮಗ ಇಲ್ಲವೆ ಮಗಳು ದಣಿದ ದಿನ ಮನೆಗೆ ಫೋನು ಮಾಡಿದರೆ, ಸರ್ಕಾರಿ ನೌಕರಿಯಲ್ಲಿ ಕಷ್ಟವೇನೆಂದು ಗದರಿಸುವ ಬದಲು, ಏನಾಯಿತೆಂದು ಕೇಳುವವರು ಆ ಮನೆಯಲ್ಲಿಯಾದರೂ ಇರುತ್ತಾರೆ.